ಎರಡು ನಿಮಿಷಕ್ಕೊಂದು ಶಿವನಸಮುದ್ರ

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಮೂರು ವರ್ಷ ಕಳೆದು, 1905ರ ಆಗಸ್ಟ್ 5ರಂದು, ಅದೇ ಕಾವೇರಿಯ ಕರೆಂಟಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಗಣಿಯ ಯಂತ್ರಗಳನ್ನು ಓಡಿಸಿ ಹೆಸರು ಮಾಡಿದ ಈ ಕೇಂದ್ರ ಶುರುವಾದಾಗ ಅದರ ಒಟ್ಟು ತಾಕತ್ತು ಎಷ್ಟಿತ್ತು ಗೊತ್ತೇ? 720 ಕಿಲೋವಾಟಿನ ಆರು ಯಂತ್ರ. ಕೂಡಿಸಿದರೆ 4.3 ಮೆಗಾವಾಟ್. ಅಷ್ಟೇ!

ಈ 4.3 ಮೆಗಾವಾಟನ್ನೇ ನಮ್ಮ ಅಳತೆಗೋಲು ಮಾಡಿಕೊಳ್ಳೋಣ. ಇನ್ನು ಮುಂದೆ ‘ಒಂದು ಶಿವನಸಮುದ್ರ’ ಅಂದರೆ ಇಷ್ಟು. ತೂಕದ ಮಾತು ಬಂದಾಗ ಇನ್ನೊಂದು ಮಾಪು ಬೇಕು: ದಸರೆಯಲ್ಲಿ ಅಂಬಾರಿ ಹೊರುವ ಆನೆ. ಅದರ ತೂಕ 5 ಟನ್ ಎಂದಿಟ್ಟುಕೊಂಡರೆ ಲೆಕ್ಕಕ್ಕೆ ಸಲೀಸು. ಮುಗಿಯದ ಇಂಧನ, ಬರಿದಾಗದ ಇಂಧನ ಎಂದು ನಾವು ಕೊಂಡಾಡುವ ನೀರು, ಗಾಳಿ, ಬಿಸಿಲುಗಳ ಕಥೆ ಕೇಳಲು ಈ ಎರಡು ಮಾಪು ಸಾಕು. ಇವುಗಳ ಲಾಭವೂ ಸಣ್ಣದಲ್ಲ, ತೊಂದರೆಯೂ ಸಣ್ಣದಲ್ಲ. ಎರಡೂ ಆನೆ ಲೆಕ್ಕದಲ್ಲೇ ಬರುತ್ತವೆ.

ಗಾಳಿಯಿಂದ ಶುರು ಮಾಡೋಣ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಜನ ‘ಫ್ಯಾನು’ ಎಂದು ಕರೆಯುವ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಬಾಯಿ ಬಿಟ್ಟವರು ನಾವೆಲ್ಲ. ಚೀನಾದ ಕಡಲತೀರದಲ್ಲಿ 2025ರಲ್ಲಿ ಪರೀಕ್ಷೆಗೆ ನಿಂತ ಒಂದು ಯಂತ್ರದ ಮುಂದೆ ಇವು ಮಕ್ಕಳ ಗಿರಿಗಿಟ್ಲೆ. ಆ ಒಂದೇ ಯಂತ್ರದ ಸಾಮರ್ಥ್ಯ 26 ಮೆಗಾವಾಟ್. ಅಂದರೆ ಒಂದು ಕಂಬದ ತುದಿಯಲ್ಲಿ ಆರು ಶಿವನಸಮುದ್ರ! ಅದರ ಒಂದು ರೆಕ್ಕೆಯ ಉದ್ದ 153 ಮೀಟರ್. ವಿಜಯಪುರದ ಗೋಲಗುಮ್ಮಟದ ಎತ್ತರ 51 ಮೀಟರ್. ಗುಮ್ಮಟದ ಮೇಲೆ ಗುಮ್ಮಟ, ಅದರ ಮೇಲೆ ಇನ್ನೊಂದು ಗುಮ್ಮಟ ಪೇರಿಸಿದರೆ ಒಂದು ರೆಕ್ಕೆ. ಅಂಥ ರೆಕ್ಕೆ ಮೂರು. ಅವು ಗಿರ್ರೆಂದು ಒಂದು ಸುತ್ತು ಬಂದರೆ ಆಕಾಶದಲ್ಲಿ ಹದಿನೆಂಟೂವರೆ ಎಕರೆ ಗಾಳಿಯನ್ನು ಉತ್ತಂತೆ. ಕಂಬದ ಎತ್ತರ 185 ಮೀಟರ್, ಅದರ ಮೇಲೆ ನೆಟ್ಟಗೆ ನಿಂತ ರೆಕ್ಕೆ ಸೇರಿದರೆ 340 ಮೀಟರ್. ಜೋಗದ ಗುಂಡಿಯ ಬುಡದಲ್ಲಿ ಇದನ್ನು ನಿಲ್ಲಿಸಿದರೆ ರೆಕ್ಕೆಯ ತುದಿ 253 ಮೀಟರ್ ಎತ್ತರದ ಜಲಪಾತವನ್ನು ದಾಟಿ, ಮೇಲೆ ನಿಂತು ನೋಡುವ ಪ್ರವಾಸಿಗರ ತಲೆಯ ಮೇಲೂ 80 ಮೀಟರಿಗಿಂತ ಎತ್ತರದಲ್ಲಿ ತಿರುಗುತ್ತಿರುತ್ತದೆ.

ಇಷ್ಟು ದೊಡ್ಡದಲ್ಲದಿದ್ದರೂ ಬ್ರಿಟನ್ನಿನ ಪೂರ್ವಕ್ಕೆ ಉತ್ತರ ಸಮುದ್ರದ ಡಾಗರ್ ಬ್ಯಾಂಕಿನಲ್ಲಿ ನೆಡುತ್ತಿರುವ 277 ಯಂತ್ರಗಳದ್ದೂ ಕಡಿಮೆ ಪ್ರತಾಪವಲ್ಲ. ಅವುಗಳಲ್ಲಿ ಯಾವುದೇ ಒಂದು ಯಂತ್ರದ ರೆಕ್ಕೆ ಒಂದೇ ಒಂದು ಸುತ್ತು ತಿರುಗಿದರೆ ಅಲ್ಲಿನ ಒಂದು ಮನೆಗೆ ಎರಡು ದಿನಕ್ಕೆ ಸಾಲುವಷ್ಟು ವಿದ್ಯುತ್ತು. ಒಂದು ಸುತ್ತು, ಎರಡು ದಿನ!

ಆದರೆ ಗಾಳಿಯ ಜೊತೆ ವ್ಯವಹಾರ ಮಾಡುವವರು ಅದರ ಬುದ್ಧಿಯನ್ನೂ ತಿಳಿದಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ಕೇಳಲು ಸೊಗಸು. ವೇಗ ಅರ್ಧಕ್ಕೆ ಇಳಿದರೆ? ಶಕ್ತಿ ಎಂಟರಲ್ಲಿ ಒಂದು ಪಾಲು. ಅರ್ಧ ಕೂಲಿ ಕೊಟ್ಟರೆ ಎಂಟನೇ ಒಂದರಷ್ಟು ಕೆಲಸ ಮಾಡಿ ಮರದ ಕೆಳಗೆ ಮಲಗುವ ಆಳಿನ ಹಾಗೆ. ಆಷಾಢದಲ್ಲಿ ಬಡಿದು ಸುರಿಯುವ ಈ ಶಕ್ತಿ ಮಾಗಿಯಲ್ಲಿ ಸೊರಗುತ್ತದೆ, ಮತ್ತು ಯಾವಾಗ ಸೊರಗುತ್ತದೆ ಎಂದು ಮೊದಲೇ ಪತ್ರ ಬರೆಯುವುದಿಲ್ಲ.

ಈಗ ಪಾವಗಡ. ಬರಕ್ಕೆ ಹೆಸರಾದ ತಾಲ್ಲೂಕು. ಮಳೆ ಕೈಕೊಟ್ಟ ಊರಿನಲ್ಲಿ ಬಿಸಿಲೇ ಬೆಳೆಯಾಯಿತು. ತಿರುಮಣಿ, ಬಳಸಮುದ್ರ, ವಳ್ಳೂರು ಮುಂತಾದ ಐದು ಹಳ್ಳಿಗಳ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿದೆ. 13,000 ಎಕರೆ ಅಂದರೆ ಎಷ್ಟು? ಬೆಂಗಳೂರಿನ ಲಾಲ್‌ಬಾಗು 240 ಎಕರೆ. ಅಂಥ 54 ಲಾಲ್‌ಬಾಗುಗಳನ್ನು ಪಕ್ಕಪಕ್ಕದಲ್ಲಿ ಹಾಸಿ, ಒಂದು ಗಿಡವನ್ನೂ ನೆಡದೆ, ನೆಲದ ತುಂಬ ಗಾಜು ಬಿತ್ತಿದಂತೆ. ಒಟ್ಟು 2,050 ಮೆಗಾವಾಟ್, 475 ಶಿವನಸಮುದ್ರ. ಒಂದೊಂದು ಫಲಕಕ್ಕೆ 325 ವಾಟ್ ಎಂದು ಹಿಡಿದರೆ 63 ಲಕ್ಷ ಫಲಕಗಳಾಗುತ್ತವೆ. ಎರಡು ಮೀಟರ್ ಉದ್ದದ ಆ ಫಲಕಗಳನ್ನು ಹೆದ್ದಾರಿಯ ಮೇಲೆ ಒಂದರ ಹಿಂದೊಂದು ಜೋಡಿಸುತ್ತ ಹೋದರೆ ಬೆಂಗಳೂರಿನಿಂದ ದಿಲ್ಲಿಗೆ ಸರಿಸುಮಾರು ಮೂರು ಸಲ ಹೋಗಿ ಮೂರು ಸಲ ಬರಬಹುದು.

ಇಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಆ ದರದಲ್ಲಿ 13,000 ಎಕರೆಗೆ ಗುಣಿಸಿ ನೋಡಿ: ವರ್ಷಕ್ಕೆ 27 ಕೋಟಿ ರೂಪಾಯಿ, ಬಿಸಿಲು ಬೀಳಲು ಜಾಗ ಕೊಟ್ಟಿದ್ದಕ್ಕೆ! ಪಹಣಿ ಇದ್ದವರಿಗೆ ಇದು ಬರದಲ್ಲಿ ಬಂದ ಭಾಗ್ಯ. ಪಹಣಿ ಇಲ್ಲದೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಬದುಕಿದವರ ಪಾಲಿಗೆ ಬಂದ ಬಾಡಿಗೆ ಸೊನ್ನೆ. 54 ಲಾಲ್‌ಬಾಗಿನಷ್ಟು ನೆಲದಲ್ಲಿ ಅವರಿಗೆ ಮಾಡಲು ಕೂಲಿ ಕೆಲಸವೂ ಉಳಿಯಲಿಲ್ಲ. ಹೊಗಳುವವರ ಲೆಕ್ಕದಲ್ಲಿ ಈ ಸೊನ್ನೆ ಕಾಣುವುದೇ ಇಲ್ಲ.

ಇನ್ನೊಂದು ಲೆಕ್ಕವನ್ನೂ ಮಾಡಿಬಿಡೋಣ. 2,050 ಮೆಗಾವಾಟಿನ ಕೇಂದ್ರ ಹಗಲೂ ಇರುಳೂ ಪೂರ್ತಿ ದುಡಿದರೆ ವರ್ಷಕ್ಕೆ 1,800 ಕೋಟಿ ಯೂನಿಟ್ ಆಗಬೇಕು. ಬಿಸಿಲಿನ ಕೇಂದ್ರಗಳು ಸಾಮಾನ್ಯವಾಗಿ ಕೊಡುವ ಪ್ರಮಾಣ ಹಿಡಿದರೆ ಸಿಗುವುದು 400 ಕೋಟಿಯ ಆಸುಪಾಸು. ಕಾಲು ಭಾಗಕ್ಕೂ ಕಡಿಮೆ. ಹಾಗೆಂದು ಮೂಗು ಮುರಿಯಬೇಡಿ: ತಿಂಗಳಿಗೆ 200 ಯೂನಿಟ್ ಬಳಸುವ 16 ಲಕ್ಷ ಮನೆಗಳಿಗೆ ವರ್ಷವಿಡೀ ಅದು ಸಾಲುತ್ತದೆ.

ಪಾವಗಡವೇ ದೊಡ್ಡದೆಂದು ಬೀಗುವಷ್ಟರಲ್ಲಿ ಗುಜರಾತಿನ ಖಾವ್ಡಾ ಎದ್ದು ನಿಂತಿದೆ. ಕಛ್ ಪ್ರದೇಶದ ಉಪ್ಪುನೆಲ, ಪಾಕಿಸ್ತಾನದ ಗಡಿಗೆ ಅಂಟಿಕೊಂಡ ಬಟಾಬಯಲು, 726 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಹಿಂದಿನ ಬಿಬಿಎಂಪಿಯ ವ್ಯಾಪ್ತಿಯಷ್ಟು. ಯಲಹಂಕದಿಂದ ಬೊಮ್ಮನಹಳ್ಳಿ, ಕೆಂಗೇರಿಯಿಂದ ವೈಟ್‌ಫೀಲ್ಡ್, ಅಷ್ಟನ್ನೂ ಸೋಲಾರ್ ಫಲಕ ಮತ್ತು ಗಾಳಿಯಂತ್ರಗಳಿಂದ ತುಂಬಿದರೆ ಹೇಗಿರುತ್ತದೋ ಹಾಗೆ. ಅದು ಪೂರ್ತಿಯಾದಾಗ 30,000 ಮೆಗಾವಾಟ್. ಸುಮಾರು ಹದಿನೈದು ಪಾವಗಡ, ಸುಮಾರು 7,000 ಶಿವನಸಮುದ್ರ.

ಇಷ್ಟು ಕರೆಂಟು ಹರಿಯಬೇಕಾದರೆ ತಂತಿ ಬೇಕು, ತಂತಿ ಇದ್ದಲ್ಲಿ ಹಕ್ಕಿಗೆ ಆಪತ್ತು. ರಾಜಸ್ಥಾನದ ಥಾರ್ ಮರುಭೂಮಿಯ 4,200 ಚದರ ಕಿಲೋಮೀಟರ್ ಪ್ರದೇಶವೊಂದರಲ್ಲೇ ವಿದ್ಯುತ್ ತಂತಿಗಳಿಗೆ ಬಡಿದು ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿದೆ. ಆರು ನಿಮಿಷಕ್ಕೊಂದು ಹಕ್ಕಿ. ಈ ಪ್ಯಾರಾ ಬರೆಯುವಷ್ಟರಲ್ಲಿ ಒಂದೋ ಎರಡೋ ಹೋಗಿರುತ್ತವೆ. ಅಲ್ಲಿಯೇ ಬದುಕುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಜಗತ್ತಿನಲ್ಲಿ ಉಳಿದಿರುವುದು 150ಕ್ಕೂ ಕಡಿಮೆ. ತಲೆಗೊಂದು ಸೀಟು ಕೊಟ್ಟರೆ ಮೂರು ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಇಡೀ ಕುಲ ಕೂರುತ್ತದೆ. ತಂತಿ ಮತ್ತು ಹಕ್ಕಿಯ ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ.

ಖಾವ್ಡಾ ಕಟ್ಟಲು ವರ್ಷಗಳು ಬೇಕು. ಚೀನಾದವರಿಗೆ ವರ್ಷ ಅಂದರೆ ಏನೋ, ತಿಂಗಳು ಸಾಕಾಗುತ್ತದೆ. 2025ರ ಮೇ ತಿಂಗಳೊಂದರಲ್ಲೇ ಅಲ್ಲಿ 93,000 ಮೆಗಾವಾಟಿನಷ್ಟು ಸೋಲಾರ್ ಹೊಸದಾಗಿ ಸೇರಿಕೊಂಡಿತು. ಮೂವತ್ತೊಂದು ದಿನದಲ್ಲಿ 45 ಪಾವಗಡ! ಬೆಳಗಿನ ತಿಂಡಿ ಹೊತ್ತಿಗೆ ಒಂದು ಪಾವಗಡ ಮುಗಿಸಿ, ರಾತ್ರಿ ಮಲಗಿ ಏಳುವಷ್ಟರಲ್ಲಿ ಇನ್ನೊಂದು. ನಮ್ಮ ಹಳೆಯ ಅಳತೆಗೋಲನ್ನು ಹಿಡಿದರೆ ಎರಡು ನಿಮಿಷಕ್ಕೊಂದು ಶಿವನಸಮುದ್ರ. ಹಗಲು, ರಾತ್ರಿ, ಭಾನುವಾರ, ಯಾವುದನ್ನೂ ಬಿಡದೆ. ಜೂನ್ 1ರಿಂದ ಹೊಸ ದರದ ನಿಯಮ ಬರಲಿತ್ತು, ಗಡುವಿಗೆ ಮುಂಚೆ ಮುಗಿಸುವ ಧಾವಂತ ಅದು. ಮುಂದಿನ ತಿಂಗಳು ವೇಗ ಸೊರ್ರೆಂದು ಇಳಿಯಿತು ಎನ್ನುವುದನ್ನೂ ಹೇಳಿಬಿಡಬೇಕು. ಆದರೂ 2004ರಲ್ಲಿ ಇಡೀ ಜಗತ್ತು ಸೇರಿ 1,000 ಮೆಗಾವಾಟ್ ಸೋಲಾರ್ ಕೂರಿಸಲು ಒಂದು ವರ್ಷ ಹಿಡಿದಿತ್ತು. 2024ರಲ್ಲಿ ಅದಕ್ಕೆ ಒಂದು ದಿನವೂ ಪೂರ್ತಿ ಬೇಕಾಗಲಿಲ್ಲ.

ಈ ಅವಸರದ ಹಿಂದೆ ಇರುವುದು ಬೆಲೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿಲಿಕಾನ್ ಸೌರಕೋಶ ಮೊದಲು ತೋರಿಸಿದಾಗ ಬಿದ್ದ ಬಿಸಿಲಿನ ನೂರರಲ್ಲಿ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಅದು ಎಷ್ಟು ದುಬಾರಿಯೆಂದರೆ ಭೂಮಿಯ ಮೇಲೆ ಬಳಸುವ ಮಾತೇ ಇರಲಿಲ್ಲ. 1958ರ ಮಾರ್ಚ್ 17ರಂದು ವ್ಯಾನ್‌ಗಾರ್ಡ್-1 ಎಂಬ ಉಪಗ್ರಹದ ಮೈಗೆ ಆರು ಪುಟ್ಟ ಸೌರಕೋಶ ಅಂಟಿಸಿ ಆಕಾಶಕ್ಕೆ ಕಳಿಸಿದರು. ತೂಕ ಒಂದೂವರೆ ಕಿಲೋ, ಗಾತ್ರ ದೇವನಹಳ್ಳಿಯ ಒಂದು ಚಕ್ಕೋತ. ಆ ಚಕ್ಕೋತ ಮಾತು ನಿಲ್ಲಿಸಿ ಅರವತ್ತು ವರ್ಷ ಕಳೆದಿದೆ, ಆದರೆ ಬಿದ್ದಿಲ್ಲ. ಭೂಮಿಯನ್ನು ಎರಡೂವರೆ ಲಕ್ಷಕ್ಕೂ ಹೆಚ್ಚು ಸಲ ಸುತ್ತಿ, ಈಗಲೂ ಸುತ್ತುತ್ತಿದೆ. 1970ರ ದಶಕದ ನಡುವಿನಲ್ಲಿ ಒಂದು ವಾಟಿನ ಫಲಕಕ್ಕೆ ಇಂದಿನ ಲೆಕ್ಕದಲ್ಲಿ ನೂರು ಡಾಲರಿಗೂ ಹೆಚ್ಚು. ಈಗ ಸುಮಾರು ಹತ್ತು ಸೆಂಟ್. ಸಾವಿರದಲ್ಲಿ ಒಂದು ಪಾಲು! ಪೆಟ್ರೋಲು ಹೀಗೆ ಇಳಿದಿದ್ದರೆ ನೂರು ರೂಪಾಯಿಯ ಲೀಟರು ಹತ್ತು ಪೈಸೆಗೆ ಸಿಗಬೇಕಿತ್ತು. ನಮ್ಮ ದೇಶದಲ್ಲೇ ನೋಡಿ. 2010ರ ಹರಾಜಿನಲ್ಲಿ ಯೂನಿಟ್ಟಿಗೆ 10 ರೂಪಾಯಿ 95 ಪೈಸೆ ಅತಿ ಅಗ್ಗ ಎನಿಸಿತ್ತು. 2017ರಲ್ಲಿ 2 ರೂಪಾಯಿ 44 ಪೈಸೆ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜು 1 ರೂಪಾಯಿ 99 ಪೈಸೆಗೆ ನಿಂತಿತು. ಹತ್ತೇ ವರ್ಷದಲ್ಲಿ ಐದನೇ ಒಂದಕ್ಕಿಂತ ಕಡಿಮೆ.

ಈಗ ನೀರಿನ ಕಡೆ ತಿರುಗೋಣ. ಗಾತ್ರದಲ್ಲಿ ನೀರಿಗೆ ನೀರೇ ಸಾಟಿ.

ಶರಾವತಿಗೆ ಅಡ್ಡಲಾಗಿ 1964ರಲ್ಲಿ ನಿಂತ ಲಿಂಗನಮಕ್ಕಿಯ ಹೊಟ್ಟೆಯಲ್ಲಿ 151 ಟಿಎಂಸಿ ನೀರು ಹಿಡಿಯುತ್ತದೆ. ಮಂಡ್ಯದ ಜೀವನಾಡಿಯಾದ ಕೆಆರ್‌ಎಸ್‌ಗೆ 49 ಟಿಎಂಸಿ. ಅಂಥ ಮೂರು ಕೆಆರ್‌ಎಸ್ ಒಂದೇ ಬಟ್ಟಲಿನಲ್ಲಿ. ಆ ನೀರು ಕೆಳಗಿಳಿದು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿದರೆ 1,035 ಮೆಗಾವಾಟ್, 240 ಶಿವನಸಮುದ್ರ. ನಾಡಿನ ಮನೆಗಳು ಬೆಳಗಿದವು, ಕಾರ್ಖಾನೆಗಳು ಓಡಿದವು. ಹಳ್ಳಿಗಳು, ಅಡಿಕೆ ತೋಟಗಳು, ಗದ್ದೆಗಳು, ದೇವಸ್ಥಾನಗಳು ನೀರಿನಡಿ ಹೋದವು. ಉಳಿದ ಹಳ್ಳಿಗಳಲ್ಲಿ ಎಷ್ಟೋ ಹಿನ್ನೀರಿನ ಆಚೆ ದಡದಲ್ಲಿ ಸಿಕ್ಕಿಬಿದ್ದವು. ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ, ಎಲ್ಲದಕ್ಕೂ ಲಾಂಚಿಗೆ ಕಾಯಬೇಕಿತ್ತು. ಸಿಗಂದೂರಿಗೆ ಹೋಗಿಬಂದವರಿಗೆ ಆ ಸರದಿ ಗೊತ್ತು. ಅಲ್ಲಿಗೆ ಸೇತುವೆ ಯಾವಾಗ ಬಂತು? 2025ರ ಜುಲೈ 14ಕ್ಕೆ. ಎರಡು ಕಿಲೋಮೀಟರಿಗೂ ಉದ್ದದ ಚೆಂದದ ಸೇತುವೆ, ಅನುಮಾನವಿಲ್ಲ. ಅಣೆಕಟ್ಟೆಯಿಂದ ಕರೆಂಟು ಬೆಂಗಳೂರಿಗೆ ಬರಲು ಸೆಕೆಂಡೂ ಬೇಕಿಲ್ಲ. ಮುಳುಗಡೆಯ ಊರಿಗೆ ಸೇತುವೆ ಬರಲು 61 ವರ್ಷ ಬೇಕಾಯಿತು. ಭೂಮಿಯ ಹಕ್ಕುಪತ್ರಕ್ಕೆ ಅಲೆಯುವ ಸಂತ್ರಸ್ತ ಕುಟುಂಬಗಳು ಶಿವಮೊಗ್ಗ ಜಿಲ್ಲೆಯಲ್ಲಿ ಈಗಲೂ ಇವೆ. ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ಒಳಗೇ, ಇನ್ನೂ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಾಗ ಮಲೆನಾಡಿಗರು ಬೀದಿಗಿಳಿದದ್ದು ಸುಮ್ಮನೆ ಅಲ್ಲ.

ಯಾಂಗ್ಟ್ಸಿ ನದಿಯ ತ್ರೀ ಗಾರ್ಜಸ್ ಅಣೆಕಟ್ಟೆಗೆ ಹೋದರೆ ನಮ್ಮ ಲೆಕ್ಕಗಳು ಬೆವರುತ್ತವೆ. 22,500 ಮೆಗಾವಾಟ್, 5,200 ಶಿವನಸಮುದ್ರ. ನೀರು 28 ಕೆಆರ್‌ಎಸ್‌ನಷ್ಟು. ಜಲಾಶಯದ ಉದ್ದ 600 ಕಿಲೋಮೀಟರಿಗೂ ಮಿಗಿಲು: ಬೆಂಗಳೂರಿನಲ್ಲಿ ಅಣೆ ಕಟ್ಟಿದರೆ ಹಿನ್ನೀರು ಬೆಳಗಾವಿಯನ್ನು ದಾಟಿ ಮಹಾರಾಷ್ಟ್ರದೊಳಗೆ ನಿಲ್ಲುತ್ತದೆ. ಅದಕ್ಕಾಗಿ ಎಬ್ಬಿಸಿದ ಜನ 13 ಲಕ್ಷ. ಕೊಡಗಿನಂಥ ಎರಡು ಜಿಲ್ಲೆಗಳನ್ನು ಕೊನೆಯ ಮನುಷ್ಯನವರೆಗೆ ಖಾಲಿ ಮಾಡಿಸಿದರೂ ಆ ಸಂಖ್ಯೆ ತುಂಬುವುದಿಲ್ಲ. ಇಷ್ಟು ನೀರನ್ನು ಸಮುದ್ರಮಟ್ಟದಿಂದ ಅಷ್ಟು ಮೇಲೆ ಎತ್ತಿ ನಿಲ್ಲಿಸಿದ್ದರಿಂದ ಭೂಮಿಯ ತಿರುಗಾಟವೇ ಒಂದಿಷ್ಟು ನಿಧಾನವಾಗಿ ದಿನ 0.06 ಮೈಕ್ರೊಸೆಕೆಂಡಿನಷ್ಟು ಉದ್ದವಾಗುತ್ತದೆ ಎಂದು ನಾಸಾದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಗಾಬರಿ ಬೇಡ. ಆ ಚೂರುಗಳೆಲ್ಲ ಕೂಡಿ ಒಂದು ಸೆಕೆಂಡಾಗಲು 45,000 ವರ್ಷ ಬೇಕು.

ಇನ್ನೂ ದೊಡ್ಡದು ಬೇಕೇ? ಟಿಬೆಟ್ಟಿನಲ್ಲಿ ಯಾರ್ಲುಂಗ್ ತ್ಸಾಂಗ್‌ಪೊ ನದಿ, ನಮ್ಮಲ್ಲಿ ಅದೇ ಬ್ರಹ್ಮಪುತ್ರ, ಒಂದು ತಿರುವಿನಲ್ಲಿ 50 ಕಿಲೋಮೀಟರ್ ದೂರದೊಳಗೆ 2,000 ಮೀಟರ್ ಇಳಿಯುತ್ತದೆ. ಎಂಟು ಜೋಗ, ಒಂದರ ಕೆಳಗೊಂದು! 2025ರ ಜುಲೈಯಲ್ಲಿ ಚೀನಾ ಅಲ್ಲಿ ಸುಮಾರು 60,000 ಮೆಗಾವಾಟಿನ ಕಾಮಗಾರಿ ಶುರು ಮಾಡಿದೆ. ಹದಿನಾಲ್ಕು ಸಾವಿರ ಶಿವನಸಮುದ್ರ. ಖರ್ಚು 1.2 ಲಕ್ಷ ಕೋಟಿ ಯುವಾನ್, ರೂಪಾಯಿಯಲ್ಲಿ 14 ಲಕ್ಷ ಕೋಟಿಯ ಹತ್ತಿರ. ಕರ್ನಾಟಕದ 2025-26ರ ಇಡೀ ಬಜೆಟ್ 4.09 ಲಕ್ಷ ಕೋಟಿ. ಮೂರು ವರ್ಷ ಸಂಬಳ, ಪಿಂಚಣಿ, ರಸ್ತೆ, ಗ್ಯಾರಂಟಿ ಎಲ್ಲ ನಿಲ್ಲಿಸಿದರೂ ಸಾಲದು. ಕೆಳಗಿನ ಅರುಣಾಚಲ, ಅಸ್ಸಾಂ ಮತ್ತು ಬಾಂಗ್ಲಾದೇಶಗಳು ಉಸಿರು ಬಿಗಿಹಿಡಿದು ನೋಡುತ್ತಿವೆ. ನೀರಿನ ಶಕ್ತಿಗೆ ಕೋಪ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಚೀನಾದಲ್ಲಿ ಬಾನ್‌ಚಿಯಾವೊ ಇದೆ: 1975ರ ಆಗಸ್ಟ್, ಚಂಡಮಾರುತದ ಮಳೆ, ಒಡೆದ ಅಣೆಕಟ್ಟೆ, 26,000ದಿಂದ ಹಿಡಿದು ಎರಡು ಲಕ್ಷದ ಮೇಲಿನವರೆಗೂ ಅಂದಾಜಿಸಿದ ಸಾವು.

ಕಬ್ಬಿನಿಂದ ತೆಗೆಯುವ ಎಥನಾಲು ಇನ್ನೊಂದು ಬಗೆ. ಬೆಳೆದಷ್ಟೂ ಬೆಳೆಯುವ ಇಂಧನ ಎಂದು ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಬೆರೆಸುತ್ತಿದ್ದೇವೆ. ಕಬ್ಬಿನ ಒಂದು ಲೀಟರ್ ಎಥನಾಲಿಗೆ 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ವರದಿಯೇ ಹೇಳುತ್ತದೆ. ನಿಮ್ಮ ಕಾರಿಗೆ 40 ಲೀಟರ್ ಹಾಕಿಸಿದರೆ ಅದರಲ್ಲಿ 8 ಲೀಟರ್ ಎಥನಾಲು. ಅದಷ್ಟೂ ಕಬ್ಬಿನದೇ ಆಗಿದ್ದರೆ ಕುಡಿದ ನೀರು 22,880 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿಗರು ಜಗಳವಾಡಿ ತರಿಸಿಕೊಳ್ಳುವ 6,000 ಲೀಟರಿನ ಟ್ಯಾಂಕರುಗಳಲ್ಲಿ ಹೆಚ್ಚುಕಡಿಮೆ ನಾಲ್ಕು, ಒಂದು ಕಾರಿನ ಟ್ಯಾಂಕಿಗೆ. ಹಸಿರು ಎಂದು ಕರೆಯುವುದಕ್ಕೆ ನನಗೆ ನಾಲಿಗೆ ಏಳದ ಇಂಧನ ಇದು ಒಂದೇ.

ಬಿಸಿಲಿನ ಬಹುದೊಡ್ಡ ದೋಷಕ್ಕೆ ಹೆಸರು ರಾತ್ರಿ.

2025ರ ನಡುವಿನಲ್ಲಿ ಭಾರತ ಒಂದು ಮೈಲಿಗಲ್ಲು ದಾಟಿತು. ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ, ಡೀಸೆಲ್‌ಗಳಿಂದ ಬಿಡುಗಡೆ ಪಡೆದದ್ದು. ಗುರಿಗೆ ಐದು ವರ್ಷ ಮುಂಚೆಯೇ. ಚಪ್ಪಾಳೆ ಮುಗಿದ ಮೇಲೆ ಮೀಟರ್ ನೋಡಿ. ಸಾಮರ್ಥ್ಯ ಅರ್ಧ ಇದ್ದರೂ ವರ್ಷವಿಡೀ ನಿಜವಾಗಿ ಹರಿಯುವ ನಾಲ್ಕು ಯೂನಿಟ್‌ಗಳಲ್ಲಿ ಸುಮಾರು ಮೂರು ಇನ್ನೂ ಕಲ್ಲಿದ್ದಲಿನದೇ. ದೇಶದ ವರ್ಷದ ವಿದ್ಯುತ್ತು ಸುಮಾರು 1.8 ಲಕ್ಷ ಕೋಟಿ ಯೂನಿಟ್. ಅಷ್ಟನ್ನೂ ಬಿಸಿಲಿನಿಂದಲೇ ತೆಗೆಯಲು ಎಷ್ಟು ಪಾವಗಡ ಬೇಕು? 450. ನೆಲದ ಲೆಕ್ಕದಲ್ಲಿ ಬೆಳಗಾವಿ ಮತ್ತು ತುಮಕೂರು ಜಿಲ್ಲೆಗಳೆರಡು ಸಾಕು. ಇಡೀ ಜಗತ್ತಿಗೆ? 7,750 ಪಾವಗಡ, ಎರಡು ಕರ್ನಾಟಕಕ್ಕಿಂತ ಚೂರು ಹೆಚ್ಚು ನೆಲ. ಎಂಟುನೂರು ಕೋಟಿ ಜನರ ಅಷ್ಟೂ ಬಲ್ಬು, ಫ್ಯಾನು, ಫ್ರಿಜ್ಜು, ಕಾರ್ಖಾನೆ, ಮೆಟ್ರೊಗಳಿಗೆ ಬರೀ ಎರಡು ಕರ್ನಾಟಕ! ನೆಲದ ಕೊರತೆ ಎನ್ನುವವರ ಮಾತನ್ನು ನಾನು ಅಷ್ಟಾಗಿ ನಂಬದಿರುವುದು ಇದಕ್ಕೇ. ಹೊತ್ತು ಮುಳುಗಿದ ಮೇಲೆ ಮಾತ್ರ ಈ ಲೆಕ್ಕ ಮಂಕಾಗುತ್ತದೆ. ಭಾರತದ ಒಂದು ದಿನದ ವಿದ್ಯುತ್ತಿನಲ್ಲಿ ಅರ್ಧವನ್ನು ರಾತ್ರಿಗೆಂದು ತೆಗೆದಿಡಬೇಕಾದರೆ ಸುಮಾರು 250 ಕೋಟಿ ಯೂನಿಟ್ ಕೂಡಿಡಬೇಕು. ಒಂದು ವಿದ್ಯುತ್ ಸ್ಕೂಟರಿನ ಬ್ಯಾಟರಿಯಲ್ಲಿ ಹಿಡಿಯುವುದು ಮೂರು ಯೂನಿಟ್ ಎಂದುಕೊಳ್ಳಿ. ಎಂಬತ್ತಮೂರು ಕೋಟಿ ಸ್ಕೂಟರ್! ದೇಶದ ಪ್ರತಿ ಹತ್ತು ಜನರಲ್ಲಿ ಐದಾರು ಮಂದಿ ಒಂದೊಂದು ಸ್ಕೂಟರ್ ತಂದು ಸಾಲಾಗಿ ನಿಲ್ಲಿಸಿದರೆ ಒಂದು ರಾತ್ರಿ ಕಳೆಯಬಹುದು. ಆಗುಂಬೆಯಂತೆ ಮೋಡ ಕವಿದು ಒಂದು ವಾರ ಬಿಸಿಲೇ ಕಾಣದಿದ್ದರೆ ಎಷ್ಟು ಸ್ಕೂಟರ್ ಬೇಕೆಂದು ನೀವೇ ಗುಣಿಸಿಕೊಳ್ಳಿ.

ಫಲಕಗಳಿಗೆ ಹಸಿವೂ ಇದೆ, ಬೆಳ್ಳಿಯ ಹಸಿವು. ಜಗತ್ತಿನ ಸೋಲಾರ್ ಉದ್ಯಮ ವರ್ಷಕ್ಕೆ ನುಂಗುವ ಬೆಳ್ಳಿ 6,000 ಟನ್. ಮೈಸೂರಿನ ಚಿನ್ನದ ಅಂಬಾರಿಯ ತೂಕ 750 ಕಿಲೋ. ಅದೇ ತೂಕದ ಬೆಳ್ಳಿಯ ಅಂಬಾರಿ ಮಾಡಿಸಿದರೆ ವರ್ಷಕ್ಕೆ 8,000 ಅಂಬಾರಿ. ಹೊರಿಸಲು ಆನೆ ಸಾಲದು: ನಮ್ಮ ರಾಜ್ಯದ ಕಾಡುಗಳಲ್ಲಿರುವ ಆನೆಗಳೇ ಆರು ಸಾವಿರದ ಆಸುಪಾಸು.

ಇಪ್ಪತ್ತೈದು, ಮೂವತ್ತು ವರ್ಷ ದುಡಿದು ಮುದಿಯಾದ ಫಲಕಗಳು ಎಲ್ಲಿಗೆ ಹೋಗುತ್ತವೆ? 2050ರ ಹೊತ್ತಿಗೆ ಜಗತ್ತಿನಲ್ಲಿ ಒಟ್ಟು 7.8 ಕೋಟಿ ಟನ್ನಿನವರೆಗೆ ಹಳೆಯ ಫಲಕ ರಾಶಿ ಬೀಳಬಹುದು ಎಂದು ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2016ರಲ್ಲಿ ಅಂದಾಜಿಸಿತು. ಆನೆ ಮಾಪಿನಲ್ಲಿ 1 ಕೋಟಿ 56 ಲಕ್ಷ ಆನೆ. ಒಂದರ ಬಾಲವನ್ನು ಇನ್ನೊಂದರ ಸೊಂಡಿಲಿಗೆ ಕೊಟ್ಟು, ಆನೆಗೆ ಆರು ಮೀಟರಿನಂತೆ ಸಾಲು ನಿಲ್ಲಿಸಿದರೆ ಆ ಮೆರವಣಿಗೆ ಭೂಮಿಯನ್ನು ಎರಡು ಸುತ್ತು ಸುತ್ತಿ ಮೂರನೆಯ ಸುತ್ತಿಗೆ ಹೊರಡುತ್ತದೆ. ಅಬ್ಬಾ ಎನ್ನಿಸಿತೇ? ಎನ್ನಿಸಬೇಕು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. ಭಾರತದ ಕಲ್ಲಿದ್ದಲು ಕೇಂದ್ರಗಳು ವರ್ಷಕ್ಕೆ ಹೊರಹಾಕುವ ಬೂದಿ 27 ಕೋಟಿ ಟನ್ನಿಗೂ ಹೆಚ್ಚು. ಐದು ಕೋಟಿ ನಲವತ್ತು ಲಕ್ಷ ಆನೆ. ಭೂಮಿಗೆ ಎಂಟು ಸುತ್ತು. ಫಲಕದ ಆನೆಗಳು ಇಡೀ ಜಗತ್ತಿನವು, 2050ರವರೆಗಿನವು. ಬೂದಿಯ ಆನೆಗಳು ಒಂದು ದೇಶದವು, ಒಂದು ವರ್ಷದವು. ಮುಂದಿನ ವರ್ಷ ಮತ್ತೆ ಎಂಟು ಸುತ್ತು. ಫಲಕದ ಗಾಜು, ಅಲ್ಯುಮಿನಿಯಂ, ಬೆಳ್ಳಿಯನ್ನು ಕಿತ್ತು ಮತ್ತೆ ಬಳಸಬಹುದು. ಬೂದಿಯಲ್ಲೂ ಒಂದಿಷ್ಟು ಇಟ್ಟಿಗೆಗೆ, ಸಿಮೆಂಟಿಗೆ ಹೋಗುತ್ತದೆ. ಹೊಗೆಯಾಗಿ ಹೋದದ್ದನ್ನು ಮಾತ್ರ ಯಾವ ಗುಜರಿಯವನೂ ಕೊಳ್ಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ ಗಾಳಿ, ನೀರು, ಕಬ್ಬು, ಬಿಸಿಲು ಎಲ್ಲದಕ್ಕೂ ಯಜಮಾನ ಒಬ್ಬನೇ. ಅವನ ಲೆಕ್ಕಕ್ಕೆ ಬಂದರೆ ಶಿವನಸಮುದ್ರವೂ ಸಾಲದು, ತ್ರೀ ಗಾರ್ಜಸ್ಸೂ ಸಾಲದು. ಸೂರ್ಯ ಬೆಳಕು ಚೆಲ್ಲುತ್ತ ಪ್ರತಿ ಸೆಕೆಂಡಿಗೆ 42 ಲಕ್ಷ ಟನ್ ಕರಗುತ್ತಾನೆ. ಸೆಕೆಂಡಿಗೆ 8 ಲಕ್ಷ 40 ಸಾವಿರ ಆನೆ! ಕರ್ನಾಟಕದ ಅಷ್ಟೂ ಆನೆಗಳು ಒಮ್ಮೆಗೇ ಮಾಯವಾದಂತೆ, ಅದೂ ಒಂದು ಸೆಕೆಂಡಿನಲ್ಲಿ 140 ಸಲ. ಇದು ಸುಮಾರು 460 ಕೋಟಿ ವರ್ಷಗಳಿಂದ ನಡೆದಿದೆ. ಹುಟ್ಟಿದಾಗಿನಿಂದ ಹೀಗೆ ಕರಗಿದ್ದನ್ನು ಕೂಡಿಸಿದರೆ ನಮ್ಮ ಭೂಮಿಯಂಥ ನೂರು ಭೂಮಿಗಳ ತೂಕ. ಪಾಪ, ಸೊರಗಿರಬೇಕು ಎಂದುಕೊಂಡಿರಾ? ಕಳೆದುಕೊಂಡದ್ದು ತನ್ನ ಮೈಯ ಹತ್ತು ಸಾವಿರದಲ್ಲಿ ಮೂರು ಪಾಲು. ಮುಂದಿನ ಸುಮಾರು 500 ಕೋಟಿ ವರ್ಷಕ್ಕೆ ಚಿಂತೆ ಇಲ್ಲ.

ಅವನು ಚೆಲ್ಲುವ ಬೆಳಕಿನಲ್ಲಿ ನಮ್ಮ ಭೂಮಿಗೆ ಬೀಳುವುದು 220 ಕೋಟಿಯಲ್ಲಿ ಒಂದು ಪಾಲು. ಉಳಿದದ್ದೆಲ್ಲ ಯಾರಿಗೂ ಬೇಡವಾಗಿ ಕತ್ತಲಿಗೆ ಹೋಗುತ್ತದೆ. ಆ ಒಂದು ಪಾಲೇ ಎಷ್ಟೆಂದರೆ, ಮನುಷ್ಯಕುಲ ಕಲ್ಲಿದ್ದಲು, ಎಣ್ಣೆ, ಅನಿಲ, ಸೌದೆ, ಅಣು, ಅಣೆಕಟ್ಟು ಎಲ್ಲ ಸೇರಿಸಿ ಒಂದು ವರ್ಷ ಬಳಸುವ ಶಕ್ತಿಯಷ್ಟು ಒಂದು ಗಂಟೆ ಚಿಲ್ಲರೆಯಲ್ಲಿ ಭೂಮಿಗೆ ಬಂದು ಬೀಳುತ್ತದೆ. ಊಟ ಮಾಡಿ ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಇಡೀ ಜಗತ್ತಿನ ವರ್ಷದ ಖರ್ಚು ಅಂಗಳಕ್ಕೆ ಬಂದಿರುತ್ತದೆ.

ಅಂಗಳ ಎಂದಾಗ ನಿಮ್ಮದನ್ನೇ ಅಳೆದು ನೋಡಿ. ಮೂವತ್ತು-ನಲವತ್ತರ ಒಂದು ಸೈಟು, 1,200 ಚದರಡಿ. ನಮ್ಮ ನಾಡಿನ ಬಿಸಿಲಿನ ಸರಾಸರಿ ಹಿಡಿದರೆ ಅದರ ಮೇಲೆ ದಿನಕ್ಕೆ 550 ಯೂನಿಟ್ಟಿಗೂ ಹೆಚ್ಚು ಶಕ್ತಿ ಸುರಿಯುತ್ತದೆ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಗೆ ಎರಡೂವರೆ ತಿಂಗಳಿಗೆ ಆಗಿ ಮಿಗುವಷ್ಟು, ಪ್ರತಿದಿನ! ಅಷ್ಟನ್ನೂ ಹಿಡಿಯಲಾಗದು, ಫಲಕಗಳು ಐದರಲ್ಲಿ ಒಂದು ಪಾಲು ಹಿಡಿದರೆ ಹೆಚ್ಚು. ತಾರಸಿಯ ಕಾಲು ಭಾಗ, ಅಂದರೆ 300 ಚದರಡಿ ಬಿಟ್ಟುಕೊಟ್ಟರೆ 3 ಕಿಲೋವಾಟ್ ಕೂರುತ್ತದೆ, ದಿನಕ್ಕೆ ಹನ್ನೆರಡು ಯೂನಿಟ್ ಬರುತ್ತದೆ. ಬಟ್ಟೆ ಒಣಗಿಸಲು, ಹಪ್ಪಳ ಹಾಕಲು ಮುಕ್ಕಾಲು ತಾರಸಿ ಹಾಗೆಯೇ ಉಳಿಯುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅಷ್ಟು ಸಾಮರ್ಥ್ಯಕ್ಕೆ ಸರ್ಕಾರ ಕೊಡುವ ಸಹಾಯಧನ 78,000 ರೂಪಾಯಿ.